ಬೆಂಗಳೂರು–ಮಂಗಳೂರು ಫ್ಲೈಟ್ ಒಂದು ಗಂಟೆ ಅಂತೆ, ಯಾರಿಗೆ?

ಬೆಂಗಳೂರಿಂದ ಮಂಗಳೂರಿಗೆ ರೋಡಲ್ಲಿ 350 ಕಿ.ಮೀ. ಆಸುಪಾಸು, ಏರ್‌ಪೋರ್ಟಿಂದ ಏರ್‌ಪೋರ್ಟಿಗೆ ನೆಟ್ಟಗೆ ಗೆರೆ ಎಳೆದ್ರೆ 305 ಬರುತ್ತೆ. ಮಧ್ಯ ಅಷ್ಟು ದೊಡ್ಡ ಘಾಟಿ ಇದ್ರೂ ವ್ಯತ್ಯಾಸ ಇಷ್ಟೇ. ಎರಡೂ ಊರು 13 ಡಿಗ್ರಿ ಅಕ್ಷಾಂಶದ ಹತ್ರಾನೇ ಇರೋದ್ರಿಂದ ವಿಮಾನ ಹೆಚ್ಚುಕಮ್ಮಿ ಸೀದಾ ಪಶ್ಚಿಮಕ್ಕೇ ಹೋಗೋದು, ಅದಕ್ಕೇ ಸೂರ್ಯ ಮುಳುಗೋದೂ ಮಂಗಳೂರಲ್ಲಿ ಸುಮಾರು ಹನ್ನೊಂದು ನಿಮಿಷ ಲೇಟು.

ಈಗ ಟೈಮಿಗೆ ಬರೋಣ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತೆ, ಹಾಗಾದ್ರೆ 305ಕ್ಕೆ ಇಪ್ಪತ್ಮೂರು ನಿಮಿಷ ಸಾಕಲ್ವಾ, ಟಿಕೆಟ್ಟಲ್ಲಿ ಯಾಕೆ ಒಂದು ಗಂಟೆ ಅಂತ ಹಾಕ್ತಾರೆ? ಯಾಕಂದ್ರೆ ಇಷ್ಟು ಹತ್ರದ ದಾರೀಲಿ ಅದು ಪೂರ್ತಿ ಸ್ಪೀಡಲ್ಲಿ ಹೋಗೋದೇ ಸ್ವಲ್ಪ ಹೊತ್ತು, ಉಳಿದಿದ್ದೆಲ್ಲ ಹತ್ತೋದು ಇಳಿಯೋದು, ಅದ್ರಲ್ಲೂ 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ಅಂದ್ರೆ ಗಂಟೆಗೆ 460 ಕಿ.ಮೀ. ದಾಟೋ ಹಾಗಿಲ್ಲ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬೀಸಿದ್ರೆ ಬೆಂಗಳೂರಲ್ಲಿ ಪೂರ್ವಕ್ಕೆ ಮುಖ ಮಾಡಿ ಟೇಕಾಫ್ ಆಗಿ ಆಮೇಲೆ ವಾಪಸ್ ತಿರುಗಬೇಕು. ಇನ್ನು ಟಿಕೆಟ್ ಟೈಮು ಲೆಕ್ಕ ಆಗೋದು ಗೇಟ್ ಬಿಟ್ಟಲ್ಲಿಂದ ಆ ಕಡೆ ಗೇಟಿಗೆ ಬರೋ ತನಕ, ನೆಲದ ಮೇಲೆ ಉರುಳ್ತಾ ಹೋಗೋದೂ ಅದ್ರಲ್ಲೇ ಸೇರಿಕೊಂಡಿದೆ. ಅದಕ್ಕೇ ಫ್ಯಾನ್ ಇರೋ ಎಟಿಆರ್ ವಿಮಾನ ನಿಧಾನ ಅಂತ ಮೂಗು ಮುರಿಯೋದು ಸುಮ್ನೆ, ಈ ರೂಟಲ್ಲಿ ಜೆಟ್ಟಿಗಿಂತ ಹತ್ತು ಹದಿನೈದು ನಿಮಿಷ ಜಾಸ್ತಿ ಆಗಬಹುದು ಅಷ್ಟೇ, ಬದಲಿಗೆ ಕೆಳಗಿನ ಕಾಡು ಚೆನ್ನಾಗಿ ಕಾಣ್ಸುತ್ತೆ.

ಆದ್ರೆ ಗಂಟೆ ತಿನ್ನೋದು ಆಕಾಶ ಅಲ್ಲ, ದೇವನಹಳ್ಳಿ. ಬನಶಂಕರಿ ಕಡೆಯಿಂದ ಏರ್‌ಪೋರ್ಟ್ ಬಸ್ಸು ವಾಯು ವಜ್ರ ಹತ್ತಿದ್ರೆ ಟ್ರಾಫಿಕ್ ನೋಡ್ಕೊಂಡು ಎರಡು ಗಂಟೆ ಇಟ್ಕೋಬೇಕು, ಬ್ಯಾಗ್ ಹಾಕೋ ಕೌಂಟರ್ ಒಂದು ಗಂಟೆ ಮುಂಚೆ ಮುಚ್ಚುತ್ತೆ ಅಂತ ಇನ್ನೂ ಬೇಗ ಹೊರಡಬೇಕು, ಸೆಕ್ಯೂರಿಟಿ ಕ್ಯೂ ಬೇರೆ, ಆ ಕಡೆ ಬಜ್ಪೆಯಲ್ಲಿ ಇಳಿದು ಗುಡ್ಡದಿಂದ ಕೆಳಗೆ ಬರಬೇಕು. ಮಂಗಳೂರು ಸಿಟಿಯೊಳಗೇ ಕದ್ರಿಗೋ ಕೊಟ್ಟಾರಕ್ಕೋ ಹೋಗೋರಾದ್ರೆ ಒಟ್ಟು ಐದು ಗಂಟೆಯಲ್ಲಿ ಮುಗೀತು, ಒಳ್ಳೇದೇ.

ನಮ್ಮ ಮನೆ ಇರೋದು ಪುತ್ತೂರಲ್ಲಿ! ಬಸ್ಸಾದ್ರೆ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿಯಲ್ಲೇ ಪುತ್ತೂರಿಗೆ ತಿರುಗೋದು, ಮಂಗಳೂರು ಬೇಕಾಗೇ ಇಲ್ಲ. ಫ್ಲೈಟಲ್ಲಿ ಬಂದ್ರೆ ನಮ್ಮೂರನ್ನ ಹಿಂದೆ ಬಿಟ್ಟು ಸಮುದ್ರದ ಹತ್ರ ಹೋಗಿ ಇಳಿದು ಬಿ.ಸಿ. ರೋಡ್ ಮೇಲೆ ಐವತ್ತು ಕಿ.ಮೀ.ಗೂ ಜಾಸ್ತಿ ವಾಪಸ್ ಬರಬೇಕು. "ಬಸ್ಸಲ್ಲೇ ಬಾ ಮಾರಾಯ, ಮಲಗಿ ಏಳುವಾಗ ಊರು ಬರ್ತದೆ" ಅಂತ ಅಮ್ಮ ಹೇಳೋದ್ರಲ್ಲಿ ತಪ್ಪೇನಿಲ್ಲ.

ಹಗಲು ರೈಲು ಬೇರೆ ವಿಷಯ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ 55 ಕಿ.ಮೀ.ಯಲ್ಲಿ 57 ಸುರಂಗ ಉಂಟು, ಅಲ್ಲಿ ಟೈಮ್ ನೋಡೋರು ಆ ರೈಲು ಹತ್ತಲೇಬಾರದು.

ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದು ರೋಡ್ ಬಂದ್ ಆದಾಗ ಮಾತ್ರ ನಾನೂ ಫ್ಲೈಟ್ ನೋಡೋದು, ಅವತ್ತು ಕರಾವಳಿಯೋರೆಲ್ಲ ಅದನ್ನೇ ನೋಡ್ತಿರ್ತಾರೆ, ರೇಟು ಕೇಳಿದ್ರೆ ಚಾರ್ಮಾಡಿ ಘಾಟಿ ಸುತ್ತಿ ಹೋಗೋದೇ ವಾಸಿ ಅನ್ಸುತ್ತೆ.