ಕ್ಯಾಮೆರಾ ಬದಲಿಸುವ ಮುನ್ನ ಕೆಟ್ಟ ಚಿತ್ರಗಳನ್ನು ನೋಡಬೇಕು

ಚೆನ್ನಾಗಿ ಬಾರದ ಚಿತ್ರಗಳನ್ನು ನಾನು ಅಳಿಸುವುದಿಲ್ಲ. ಹೊಸ ಕ್ಯಾಮೆರಾ ಕೊಳ್ಳಬೇಕೆಂಬ ಆಸೆ ಮೂಡಿದಾಗಲೆಲ್ಲ ಅವನ್ನೇ ತೆರೆದು, ಒಂದೊಂದೂ ಯಾವ ಕಾರಣಕ್ಕೆ ಕೆಟ್ಟಿತೆಂದು ವಿಂಗಡಿಸುತ್ತೇನೆ. ಏಕೆಂದರೆ ಕಾರಣ ಬೇರೆಯಾದರೆ ಪರಿಹಾರವೂ ಬೇರೆ.

ಗದಗಿಗೆ ಹತ್ತಿರದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗೆ ಬೆಳಕು ಕಡಿಮೆ. ಅಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ 6400ಕ್ಕೆ ಏರಿಸಿದರೆ, ಕಂಬಗಳ ನುಣುಪಿನ ಮೇಲೆಲ್ಲ ನಾಯ್ಸ್, ಅಂದರೆ ಮರಳು ಚೆಲ್ಲಿದಂಥ ಚುಕ್ಕೆಗಳು, ಕಾಣುತ್ತದೆ. ಹಾಗೆಂದು ಕ್ಯಾಮೆರಾವನ್ನು ದೂರುವುದು ಸರಿಯಲ್ಲ. ಕಲ್ಲು ಕದಲುವುದಿಲ್ಲವಾದ್ದರಿಂದ, ಅನುಮತಿ ಪಡೆದು ಟ್ರೈಪಾಡ್ ಇಟ್ಟು, ಐಎಸ್‌ಒ 100ರಲ್ಲಿ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಹಳೆಯ ಕ್ಯಾಮೆರಾದಲ್ಲೂ ಸ್ವಚ್ಛವಾದ ಚಿತ್ರ ಸಿಗುತ್ತದೆ. ಅನುಮತಿ ದೊರೆಯದಿದ್ದರೆ ಎಫ್ 5.6ರ ಲೆನ್ಸಿನ ಬದಲು ಇನ್ನೂ ಅಗಲವಾಗಿ ತೆರೆಯುವ ಎಫ್ 2.8ರದನ್ನು ಹಾಕಬಹುದು, ಅದು ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಆದರೆ ಎಪಿಎಸ್‌-ಸಿ ಎಂಬ ಚಿಕ್ಕ ಸೆನ್ಸರಿನಿಂದ (ಬೆಳಕನ್ನು ಹಿಡಿಯುವ ಫಲಕ) ಫುಲ್‌ಫ್ರೇಮ್ ಎಂಬ ದೊಡ್ಡದಕ್ಕೆ ಹೋದರೆ ಬೆಳಕು ಹಿಡಿಯುವ ವಿಸ್ತೀರ್ಣ ಹೆಚ್ಚುವುದು ಸುಮಾರು ಎರಡೂಕಾಲು ಪಟ್ಟು ಮಾತ್ರ.

ಮೆಗಾಪಿಕ್ಸೆಲ್ ವಿಚಾರಕ್ಕೆ ನಾನು ತಲೆ ಕೆಡಿಸಿಕೊಂಡಿಲ್ಲ. 24 ಮೆಗಾಪಿಕ್ಸೆಲ್ ಚಿತ್ರವನ್ನು ಇಂಚಿಗೆ 300 ಚುಕ್ಕೆಗಳಂತೆ ಮುದ್ರಿಸಿದರೂ 20 ಇಂಚು ಅಗಲ ಬರುತ್ತದೆ.

ಮಾಗಡಿ ಕೆರೆಯ ಸಂಗತಿ ಹಾಗಲ್ಲ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ, ಅಂದರೆ ರಾಮ್‌ಸರ್ ತಾಣವಾಗಿ ಘೋಷಿತವಾದ, ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಿಂಡು ನೀರಿನಿಂದ ಮೇಲೆದ್ದು ನನ್ನತ್ತಲೇ ಹಾರಿ ಬರುವಾಗ ನಾನು ಶಟರ್ ವೇಗವನ್ನು 1/2000 ಸೆಕೆಂಡಿಗೆ ಇಟ್ಟಿರುತ್ತೇನೆ, ಬೆಳಕೂ ಸಾಕಷ್ಟಿರುತ್ತದೆ, ಆದರೂ ಫೋಕಸ್ ಹಿಂದೆ ಬೀಳುತ್ತದೆ. ಒಳಗೆ ಕನ್ನಡಿಯಿರುವ ನನ್ನ ಹಳೆಯ ಎಸ್‌ಎಲ್‌ಆರ್‌ನಲ್ಲಿ ಫೋಕಸ್ ಬಿಂದುಗಳೆಲ್ಲ ಚೌಕಟ್ಟಿನ ನಡುವೆಯೇ ಇರುವುದರಿಂದ, ಹಕ್ಕಿ ಅಂಚಿಗೆ ಸರಿದರೆ ಹಿಡಿತ ತಪ್ಪುತ್ತದೆ. ಕನ್ನಡಿಯಿಲ್ಲದ, ಈಗಿನ ಹಲವು ಮಿರರ್‌ಲೆಸ್ ಕ್ಯಾಮೆರಾಗಳು ಬಹುಪಾಲು ಚೌಕಟ್ಟಿನಲ್ಲಿ ಫೋಕಸ್ ಮಾಡಬಲ್ಲವು, ಹಕ್ಕಿಯ ಕಣ್ಣನ್ನೂ ಗುರುತಿಸಬಲ್ಲವು. ಅಭ್ಯಾಸದಿಂದಾಗಲಿ ಹೊಸ ಲೆನ್ಸಿನಿಂದಾಗಲಿ ಪೂರ್ತಿ ತುಂಬಲಾಗದ ಕೊರತೆ ನನಗೆ ಕಂಡದ್ದು ಇದೊಂದೇ. ಇದಕ್ಕಾಗಿ ಹಣ ಕೂಡಿಸುವುದು ನ್ಯಾಯವೆಂದು ನನ್ನ ಮನಸ್ಸು ಒಪ್ಪಿದೆ.

ಆದರೆ ಫುಲ್‌ಫ್ರೇಮ್ ನನಗೆ ಬೇಡ. ಎಪಿಎಸ್‌-ಸಿಯಲ್ಲಿ 300 ಮಿಮೀ ಲೆನ್ಸ್ ಫುಲ್‌ಫ್ರೇಮಿನಲ್ಲಿ ಸುಮಾರು 450 ಮಿಮೀ ಲೆನ್ಸ್ ಕೊಡುವಷ್ಟು ಹತ್ತಿರದ ನೋಟ ಕೊಡುತ್ತದೆ. ದಂಡೆಯಿಂದ ದೂರವಿರುವ ಹಕ್ಕಿಗಳಿಗಾಗಿ ಆ ಅನುಕೂಲವನ್ನು ಬಿಟ್ಟುಕೊಡಲಾರೆ. ಕೊಳ್ಳುವ ಮುನ್ನ ಹುಬ್ಬಳ್ಳಿಯ ಅಂಗಡಿಗೆ ನನ್ನ ಲೆನ್ಸನ್ನೇ ಒಯ್ದು, ಅದನ್ನು ಹೊಸ ಕ್ಯಾಮೆರಾಕ್ಕೆ ಜೋಡಿಸುವ ಅಡಾಪ್ಟರ್ ಹಾಕಿ, ರಸ್ತೆಯಲ್ಲಿ ಓಡಾಡುವ ವಾಹನಗಳ ಮೇಲೆ ಫೋಕಸ್ ಪರೀಕ್ಷಿಸಬೇಕೆಂದಿದ್ದೇನೆ. ಏಕೆಂದರೆ ಫೋಕಸ್ ಮೋಟಾರು ಒಳಗಿಲ್ಲದ ಹಳೆಯ ಲೆನ್ಸ್‌ಗಳನ್ನು ಹಲವು ಅಡಾಪ್ಟರ್‌ಗಳ ಮೇಲೆ ಕೈಯಿಂದಲೇ ತಿರುಗಿಸಬೇಕಾಗುತ್ತದೆ.