ಭಾನುವಾರ ಎರಡು ಸಲ ಒಂದೂವರೆ ಆಯ್ತು

ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಬೆಂಗಳೂರಿನಲ್ಲಿ ಕೂತು ಪ್ರೊಡಕ್ಷನ್ ಸಪೋರ್ಟ್ (ಅಲ್ಲಿನವರ ಸಾಫ್ಟ್‌ವೇರ್ ನಿಲ್ಲದಂತೆ ನೋಡಿಕೊಳ್ಳುವ ಕೆಲಸ) ಮಾಡುವ ನಮಗೆ ಇದು ಗೊತ್ತಿಲ್ಲದ ವಿಷಯ ಏನಲ್ಲ. ನ್ಯೂಯಾರ್ಕಿನ ಬೆಳಗಿನ ಒಂಬತ್ತರ ಕಾಲ್ ನಮಗೆ ಸಂಜೆ 6:30 ಇದ್ದದ್ದು 7:30 ಆಗುತ್ತದೆ. ಲಂಡನ್‌ನವರು ಅಕ್ಟೋಬರ್ ಕೊನೇ ಭಾನುವಾರವೇ ಬದಲಾಯಿಸಿಕೊಂಡಿರುತ್ತಾರೆ. ನಡುವಿನ ಒಂದು ವಾರ ಮೂರೂ ಕಡೆಯವರು ಸೇರುವ ಕಾಲ್ ಅಂದರೆ ಸಂತೆ.

ಶುಕ್ರವಾರವೇ ನಾನು ಎಲ್ಲರಿಗೂ ಮೇಲ್ ಹಾಕಿದ್ದೆ. ಕ್ಯಾಬ್ ರೋಸ್ಟರ್ ಕೂಡ ತಿದ್ದಿಸಿದ್ದೆ. ಈ ಸಲ ಯಾರೂ ಗೇಟ್ ಹತ್ತಿರ ಒಂದು ಗಂಟೆ ಕಾಯಲ್ಲ ಅಂತ ಖುಷಿ ಬೇರೆ.

ಭಾನುವಾರ ಆನ್‌ಕಾಲ್ (ಏನಾದರೂ ಕೆಟ್ಟರೆ ನೋಡುವ ಸರದಿ) ನನ್ನದೇ. ಇನ್‌ವಾಯ್ಸ್ ಬ್ಯಾಚ್ (ಗಿರಾಕಿಗಳಿಗೆ ಬಿಲ್ ಕಳಿಸುವ, ಹೊತ್ತಿಗೆ ತಾನಾಗಿ ಓಡುವ ಜಾಬ್) ಅಲ್ಲಿನ ರಾತ್ರಿ 1:30ಕ್ಕೆ, ಅಂದರೆ ನಮ್ಮ ಬೆಳಗ್ಗೆ 11ಕ್ಕೆ ಶುರುವಾಗಿ, ಗ್ರೀನ್ ಆಯ್ತು, ಅಂದರೆ ಸರಿಯಾಗಿ ಮುಗಿಯಿತು. 12 ಹೊಡೆಯುತ್ತಿದ್ದಂತೆ ಅದೇ ಜಾಬ್ ಮತ್ತೆ ರನ್ನಿಂಗ್! ಡ್ಯಾಶ್‌ಬೋರ್ಡಲ್ಲಿ ಎರಡು ಸಾಲು, ಎರಡಕ್ಕೂ ಸ್ಟಾರ್ಟ್ ಟೈಮ್ 1:30. ಈ ಹಾಳು ಟೂಲ್ ಆಗಾಗ ಡಬಲ್ ತೋರಿಸುತ್ತದೆ, ಅದೇ ಇರಬೇಕು ಅಂದುಕೊಂಡು ರಿಫ್ರೆಶ್ ಒತ್ತುತ್ತಾ ಕೂತೆ. ಪಕ್ಕದ ಟೀಮಿನ ಗೆಳೆಯನಿಗೆ ಪಿಂಗ್ ಮಾಡಿದೆ: "ಗುರು, ಏನಾದ್ರೂ ರೀರನ್ ಕೊಟ್ಯಾ?" "ಇಲ್ಲಪ್ಪ, ಮಾರ್ಕೆಟ್ಟಲ್ಲಿದೀನಿ."

ಲಾಗ್ ತೆರೆದೆ. 1:57, 1:58, 1:59, ಆಮೇಲೆ 1:00. ಟೈಮ್ ಝೋನ್ ಎಲ್ಲೂ ಬರೆದಿಲ್ಲ. ಎರಡು ಫೈಲ್ ಕಲಸಿಕೊಂಡಿರಬೇಕು ಅಂತ ಆಗಲೂ ಟೂಲನ್ನೇ ಬೈದೆ. ಅಲ್ಲಿ ಎರಡು ಗಂಟೆ ಆಗಬೇಕಾದಾಗ ಮತ್ತೆ ಒಂದು ಆಗುತ್ತದೆ, ಹಾಗಾಗಿ ಒಂದೂವರೆ ಎರಡು ಸಲ ಬರುತ್ತದೆ. ಕಣ್ಣೆದುರೇ ಇತ್ತು, ತಲೆಗೆ ಹೋಗಲಿಲ್ಲ. ಹೊಳೆಯುವಷ್ಟರಲ್ಲಿ ಬಿಲ್ ಮೇಲ್ ಮಾಡುವ ಸ್ಟೆಪ್ ಶುರುವಾಗಿತ್ತು. ಜಾಬ್ ನಿಲ್ಲಿಸೋಕೆ, ಅಂದರೆ ಹೋಲ್ಡ್ ಹಾಕೋಕೆ, ಲೀಡ್ ಅಪ್ರೂವಲ್ ಬೇಕು. ಅವರು ನ್ಯೂಜೆರ್ಸಿಯಲ್ಲಿ ಗಾಢ ನಿದ್ದೆ. ನಾಲ್ಕನೇ ರಿಂಗಿಗೆ ಎತ್ತಿದರು. ಅಷ್ಟೊತ್ತಿಗೆ ಅರ್ಧ ಗಿರಾಕಿಗಳಿಗೆ ಎರಡನೇ ಬಿಲ್ ಹೋಗಿಯಾಗಿತ್ತು. ಮೊದಲು ಹೋಲ್ಡ್ ಹಾಕಿ ಆಮೇಲೆ ಬೈಸಿಕೊಳ್ಳಬೇಕಿತ್ತು.

ಅಮ್ಮನಿಗೆ ಹೇಳಿದರೆ, ಭಾನುವಾರ ಹನ್ನೆರಡಕ್ಕೆ ಯಮಗಂಡ ಶುರು ಕಣೋ, ಆಗ ಯಾರಾದ್ರೂ ಬಿಲ್ ಕಳಿಸ್ತಾರಾ ಅಂದರು. ಜಾಬ್ ಓಡಿಸುವ ನಮ್ಮ ಶೆಡ್ಯೂಲರ್‌ಗಿಂತ ಪಂಚಾಂಗವೇ ವಾಸಿ. ಅದರಲ್ಲಿ ಒಂದು ಹೊತ್ತು ಎರಡು ಸಲ ಬರಲ್ಲ.

ಆರ್‌ಸಿಎ (ತಪ್ಪಿನ ಮೂಲ ಕಾರಣ ಹುಡುಕುವ) ಕಾಲಲ್ಲಿ ಮ್ಯಾನೇಜರ್ ಕಂಡುಹಿಡಿದ ಕಾರಣ: ಇಂಡಿಯಾದಲ್ಲಿ ಈ ಪದ್ಧತಿ ಇಲ್ಲ, ಹಾಗಾಗಿ ಟೀಮಿಗೆ ಅವೇರ್‌ನೆಸ್ ಕಡಿಮೆ. (1942ರಿಂದ 1945ರವರೆಗೆ ಯುದ್ಧಕ್ಕೋಸ್ಕರ ಇಲ್ಲೂ ಗಡಿಯಾರ ಒಂದು ಗಂಟೆ ಮುಂದಿತ್ತು, ಅದಿರಲಿ.) ಅವೇರ್‌ನೆಸ್ ಬೇಕಾದಷ್ಟಿತ್ತು ಸ್ವಾಮಿ. ಮೀಟಿಂಗ್ ಎಷ್ಟೊತ್ತಿಗೆ, ಕ್ಯಾಬ್ ಎಷ್ಟೊತ್ತಿಗೆ, ಶಿಫ್ಟ್ ಅಲೋವೆನ್ಸ್ ಸಿಗುತ್ತಾ, ಎಲ್ಲ ಬಾಯಿಪಾಠ. ಗಡಿಯಾರ ತಿರುಗಿಸುವ ಆ ಗಂಟೆಯಲ್ಲಿ ಯಾವ ಜಾಬ್ ಓಡುತ್ತೆ ಅಂತ ಮಾತ್ರ ಒಬ್ಬರೂ ಕೇಳಿರಲಿಲ್ಲ. ನನ್ನ ಮೇಲಲ್ಲೂ ಅದು ಇರಲಿಲ್ಲ. ಮ್ಯಾನೇಜರ್ ಕೊಟ್ಟ ಪರಿಹಾರ: ವರ್ಷಕ್ಕೆ ಎರಡು ರಿಮೈಂಡರ್ ಮೇಲ್.

ಜಾಬನ್ನು ನಾವೇ ಜಗಳ ಮಾಡಿ 4:15ಕ್ಕೆ ಸರಿಸಿದೆವು. ಲಿಸ್ಟ್ ಜಾಲಾಡುವಾಗ ಇನ್ನೊಂದು ಸಿಕ್ಕಿತು, 2:30ರದ್ದು. ಮಾರ್ಚ್ ಎರಡನೇ ಭಾನುವಾರ ಗಡಿಯಾರ ಎರಡರಿಂದ ನೇರ ಮೂರಕ್ಕೆ ಹಾರುತ್ತದೆ. ಅವತ್ತು ಅಲ್ಲಿ ಎರಡೂವರೆ ಅನ್ನುವುದೇ ಇರಲ್ಲ. ಸರಿಪಡಿಸಿ ಅಂತ ಟಿಕೆಟ್ ಹಾಕಿದ್ದೇನೆ, ಪ್ರಯಾರಿಟಿ ಲೋ ಅಂತ ಮಾಡಿ ಇಟ್ಟಿದ್ದಾರೆ. ಆ ಭಾನುವಾರದ ಆನ್‌ಕಾಲ್ ನನಗೆ ಬೇಡ ಅಂತ ಈಗಲೇ ಹೇಳಿಟ್ಟಿದ್ದೇನೆ.