ಚೆಲ್ಲಿದವನು, ಚೆಲ್ಲಿಸಿಕೊಂಡವನು: ಇಂಗ್ಲಿಷಿನೊಳಗಿನ ಯಿಡ್ಡಿಷ್ ಬೈಗುಳ

ಅಮೆರಿಕದ ಹಾಸ್ಯ ಧಾರಾವಾಹಿ ನೋಡುವವರ ಕಿವಿಗೆ ಶ್ಮಕ್, ಕ್ಲಟ್ಸ್, ಪಟ್ಸ್, ನೆಬಿಷ್ ಎಲ್ಲ ಒಂದೇ ಥರ ಕೇಳುತ್ತವೆ: ಯಾರನ್ನೋ ದಡ್ಡ ಅಂತ ಬೈಯುತ್ತಿದ್ದಾರೆ, ಅಷ್ಟೆ. ಆದರೆ ಪೂರ್ವ ಯುರೋಪಿನ ಯಹೂದಿಗಳ ಮಾತಾದ, ಜರ್ಮನ್, ಹೀಬ್ರೂ, ಸ್ಲಾವಿಕ್ (ರಷ್ಯನ್, ಪೋಲಿಷ್ ಕಡೆಯ) ಪದಗಳು ಬೆರೆತ ಯಿಡ್ಡಿಷ್‌ನಲ್ಲಿ ಇವು ಒಂದೊಂದೂ ಬೇರೆ ಬೇರೆ ಆಸಾಮಿ. 1880ರ ದಶಕದಿಂದ ವಲಸೆಗೆ ಕಡಿವಾಣ ಹಾಕಿದ 1924ರ ಕಾಯ್ದೆಯವರೆಗೆ ಪೂರ್ವ ಯುರೋಪಿನಿಂದ ಸುಮಾರು 20 ಲಕ್ಷ ಯಹೂದಿಗಳು ಅಮೆರಿಕಕ್ಕೆ ಬಂದರು. ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡಿನ ಬೀದಿಗಳಿಂದ, ನಾಟಕದ ವೇದಿಕೆಗಳಿಂದ ಈ ಮಾತುಗಳು ಇಂಗ್ಲಿಷಿಗೆ ಹತ್ತಿಕೊಂಡವು. ಸದ್ದು ಹೆಚ್ಚುಕಡಿಮೆ ಹಾಗೇ ಬಂತು. ತೂಕ ಮಾತ್ರ ಏರುಪೇರಾಯಿತು. ಎಡವಟ್ಟಾಗುವುದು ಅಲ್ಲೇ.

ಹಳೆಯ ಮಾತೊಂದಿದೆ: ಶ್ಲೆಮೀಲ್ ಸೂಪು ಚೆಲ್ಲುವವನು, ಶ್ಲಿಮಾಜಲ್ ಅದನ್ನು ಮೈಮೇಲೆ ಚೆಲ್ಲಿಸಿಕೊಳ್ಳುವವನು. ಇದಕ್ಕೆ ಬಾಲವೂ ಉಂಟು. ನೆಬಿಷ್ ಬಗ್ಗಿ ಅದನ್ನು ಒರೆಸುವವನು, ನೂಡ್ನಿಕ್ ಪಕ್ಕದಲ್ಲೇ ನಿಂತು ‘ಅದು ಯಾವ ಸೂಪು?’ ಅಂತ ಕೇಳುವವನು. ನಾಲ್ಕು ಪದಗಳಿಗೆ ಇದಕ್ಕಿಂತ ಚೊಕ್ಕ ನಿಘಂಟು ಸಿಗಲಾರದು.

ಶ್ಲಿಮಾಜಲ್‌ನ ಹುಟ್ಟು ಕನ್ನಡದವರಿಗೆ ಬೇಗ ಅರ್ಥವಾಗುತ್ತದೆ. ‘ಶ್ಲಿಮ್’ ಎಂದರೆ ಕೆಟ್ಟ. ಅದು ಜರ್ಮನ್ ಕಡೆಯದು. ‘ಮಜಲ್’ ಹೀಬ್ರೂ, ಅರ್ಥ ಅದೃಷ್ಟ. ಅದಕ್ಕೂ ಹಿಂದಿನ ಅರ್ಥ ರಾಶಿ, ನಕ್ಷತ್ರ. ಅಂದರೆ ಅಕ್ಷರಶಃ ಗ್ರಹಚಾರ ಕೆಟ್ಟವನು. ತಪ್ಪು ಅವನದಲ್ಲ. ಶ್ಲೆಮೀಲ್ ಹಾಗಲ್ಲ, ಎಡವಟ್ಟು ಅವನ ಕೈಯಲ್ಲೇ ಇದೆ. ಬೈಬಲ್ಲಿನ ಅರಣ್ಯಕಾಂಡದಲ್ಲಿ ಸಿಮೆಯೋನ್ ಕುಲದ ಮುಖಂಡನಾಗಿ ಬರುವ ಶೆಲುಮೀಯೇಲನ ಹೆಸರಿನಿಂದ ಈ ಪದ ಬಂತೆನ್ನುವುದು ಹೆಚ್ಚು ಚಾಲ್ತಿಯಲ್ಲಿರುವ ವಿವರಣೆ. ಷಾಮಿಸೊ ಬರೆದು 1814ರಲ್ಲಿ ಪ್ರಕಟವಾದ, ನೆರಳನ್ನೇ ಮಾರಿಕೊಂಡವನ ಜರ್ಮನ್ ಕಥೆಯ ನಾಯಕನಿಗೂ ಇದೇ ಹೆಸರು. ಪೂರ್ತಿ ಹೊಣೆಗೇಡಿಯನ್ನು ಶ್ಲಿಮಾಜಲ್ ಎಂದರೆ ಬೈದಂತಲ್ಲ, ಅವನಿಗೆ ರಿಯಾಯಿತಿ ಕೊಟ್ಟಂತೆ.

ನೆಬಿಷ್ ಮೂಲದಲ್ಲಿ ಬೈಗುಳವೇ ಅಲ್ಲ. ಯಿಡ್ಡಿಷ್‌ನ ‘ನೆಬೆಖ್’ ಸ್ಲಾವಿಕ್ ಮೂಲದ ಉದ್ಗಾರ. ನಮ್ಮ ‘ಅಯ್ಯೋ ಪಾಪ’ ಇದ್ದಂತೆ ವಾಕ್ಯದ ನಡುವೆಯೂ ತೂರಿಕೊಳ್ಳುತ್ತದೆ. ‘ಪಾಪ’ದಿಂದ ‘ಪಾಪದವನು’ ಆದ ಹಾಗೆಯೇ ಉದ್ಗಾರದಿಂದ ಮನುಷ್ಯ ಹುಟ್ಟಿದ. ಅವನು ಕೋಣೆಯೊಳಗೆ ಬಂದರೆ ಯಾರೋ ಎದ್ದು ಹೋದಂತೆ ಅನಿಸುತ್ತದಂತೆ. ನೂಡ್ನಿಕ್ ಕೂಡ ಸ್ಲಾವಿಕ್ ಕಡೆಯವನೇ, ‘ನೂದ್’ ಎಂದರೆ ಬೇಸರ: ತಲೆ ತಿನ್ನುವವನು, ಕೊರೆಯುವವನು. ಪಿಎಚ್‌ಡಿ ಮಾಡಿದ ನೂಡ್ನಿಕ್‌ಗೆ ‘ಫೂಡ್ನಿಕ್’ ಎಂಬ ಬಡ್ತಿ ಬೇರೆ ಇದೆ. ಕ್ಲಟ್ಸ್ ಬರೀ ಮರದ ಕೊರಡು. ನಡೆದಲ್ಲೆಲ್ಲ ಎಡವುವವನು, ಹಿಡಿದದ್ದನ್ನೆಲ್ಲ ಬೀಳಿಸುವವನು. ಇದೊಂದನ್ನು ಯಾರ ಎದುರಿಗೂ ಧೈರ್ಯವಾಗಿ ಆಡಬಹುದು, ತನ್ನನ್ನೇ ಕರೆದುಕೊಳ್ಳುವುದಕ್ಕಂತೂ ಹೇಳಿ ಮಾಡಿಸಿದ್ದು.

ಶ್ಮಕ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇಂದಿನ ಇಂಗ್ಲಿಷಿನಲ್ಲಿ ಅದು ಹಗುರ ಮಾತು, ‘ಬೆಪ್ಪ’ನಿಗೂ ‘ನೀಚ’ನಿಗೂ ನಡುವೆ ಎಲ್ಲೋ ಇದೆ. ಯಿಡ್ಡಿಷ್‌ನ ‘ಶ್ಮೊಕ್’ ಗಂಡಸಿನ ಗುಪ್ತಾಂಗ. ಮನೆಯೊಳಗೆ ಮಕ್ಕಳು ಆಡಿದರೆ ಕೆನ್ನೆಗೆ ಬೀಳುವಂಥದ್ದು. ಈ ಪದವನ್ನು ವೇದಿಕೆಯಲ್ಲಿ ಆಡಿದ್ದಕ್ಕೆ ಹಾಸ್ಯಗಾರ ಲೆನ್ನಿ ಬ್ರೂಸ್‌ನನ್ನು 1962ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಬಂಧಿಸಿದ್ದರು. ಬಾಯಿಗೆ ಅಂಜಿದವರು ಕೊನೆಯ ವ್ಯಂಜನ ನುಂಗಿ ‘ಶ್ಮೋ’ ಮಾಡಿಕೊಂಡರು. ಯಾರೋ ಒಬ್ಬ ಸಾಮಾನ್ಯನಿಗೆ ಹೇಳುವ ‘ಜೋ ಶ್ಮೋ’ ಹುಟ್ಟಿದ್ದು ಹಾಗೆ. ಜರ್ಮನ್‌ನ ‘ಶ್ಮುಕ್’ ಅಂದರೆ ಒಡವೆ, ಅದರಿಂದಲೇ ಇದು ಬಂತು ಅನ್ನುವವರು ಬಹಳ. ಸ್ವರ ನೋಡಿ: ಆ ಪದ ಯಿಡ್ಡಿಷ್‌ನಲ್ಲಿ ಉಳಿದಿದ್ದರೆ ‘ಶ್ಮುಕ್’ ಎಂದೇ ಇರಬೇಕಿತ್ತು, ‘ಶ್ಮೊಕ್’ ಆಗುತ್ತಿರಲಿಲ್ಲ. ಕಥೆ ರಂಜಕ, ಆಧಾರ ತೆಳು.

ಪಟ್ಸ್‌ನ ಅರ್ಥವೂ ಅದೇ, ಏಟು ಇನ್ನೂ ಜೋರು. 1998ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಸೆನೆಟ್ ಚುನಾವಣೆಯ ಹೊತ್ತಿಗೆ ಆಗಿನ ಸೆನೆಟರ್ ಆಲ್ ಡಮಾಟೊ ಖಾಸಗಿ ಸಭೆಯೊಂದರಲ್ಲಿ ಎದುರಾಳಿ ಚಕ್ ಶೂಮರ್‌ರನ್ನು ‘ಪಟ್ಸ್‌ಹೆಡ್’ ಅಂದರು. ಮೊದಲು ಅಂದೇ ಇಲ್ಲ ಎಂದರು, ಆಮೇಲೆ ಮೂರ್ಖ ಎನ್ನುವ ಅರ್ಥದಲ್ಲಿ ಅಂದೆ ಎಂದರು. ನ್ಯೂಯಾರ್ಕಿನಲ್ಲಿ ಯಿಡ್ಡಿಷ್ ಬಲ್ಲ ಮತದಾರರ ಮುಂದೆ ಈ ಸಮಜಾಯಿಷಿ! ನವೆಂಬರ್‌ನಲ್ಲಿ ಶೂಮರ್ ಗೆದ್ದರು.

ಹುಟ್ಸ್‌ಪಾ ತಿರುಗಿದ್ದು ಇನ್ನೊಂದು ದಿಕ್ಕಿಗೆ. ಮೊದಲು ಉಚ್ಚಾರ: ಇಂಗ್ಲಿಷಿನಲ್ಲಿ chutzpah ಎಂದು ಬರೆದರೂ ಆರಂಭದಲ್ಲಿ ‘ಚ’ ಇಲ್ಲ, ಗಂಟಲಿನಿಂದ ಉಜ್ಜಿಕೊಂಡು ಬರುವ ‘ಹ’. ಹೀಬ್ರೂ ಮೂಲದ ಈ ಪದಕ್ಕೆ ಯಿಡ್ಡಿಷ್‌ನಲ್ಲಿ ಭಂಡತನ ಎಂದೇ ಅರ್ಥ. ತಂದೆ ತಾಯಿಯನ್ನು ಕೊಂದವನು ನ್ಯಾಯಾಧೀಶರ ಮುಂದೆ ಕೈಮುಗಿದು ‘ತಬ್ಬಲಿ ಸ್ವಾಮಿ, ಕರುಣೆ ತೋರಿಸಿ’ ಅಂದರೆ ಅದು ಹುಟ್ಸ್‌ಪಾ. ಅಮೆರಿಕದ ವ್ಯಾಪಾರಿ ಭಾಷೆ ಇದನ್ನೇ ಎದೆಗಾರಿಕೆಯ ಹೊಗಳಿಕೆ ಮಾಡಿಬಿಟ್ಟಿದೆ. ಯಿಡ್ಡಿಷ್ ಬಲ್ಲ ಹಳಬರನ್ನು ‘ನಿಮಗೆ ಹುಟ್ಸ್‌ಪಾ ಜಾಸ್ತಿ’ ಎಂದು ಮೆಚ್ಚಲು ಹೋದರೆ ಮುಖ ಸಪ್ಪಗಾಗುವುದು ಇದಕ್ಕೇ. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಕಾಲಿಯಾ 1998ರ ಅಭಿಪ್ರಾಯವೊಂದರಲ್ಲಿ ಎದುರು ವಾದವನ್ನು ಚುಚ್ಚಲು ಬಳಸಿದ್ದು ಮಾತ್ರ ಹಳೆಯ ಅರ್ಥದಲ್ಲೇ.

ಯೆಂಟಾ ಪದದ್ದು ಅನ್ಯಾಯದ ಕಥೆ. ಯೆಂಟೆ ಹೆಂಗಸರ ಹೆಸರು, ಲ್ಯಾಟಿನ್ ಕುಲದ ಭಾಷೆಗಳ ‘ಕುಲೀನೆ’ ಎನ್ನುವ ಅರ್ಥದ ಪದದಿಂದ ಬಂದದ್ದು. ನ್ಯೂಯಾರ್ಕಿನ ಯಿಡ್ಡಿಷ್ ಪತ್ರಿಕೆ ಫೋರ್ವರ್ಟ್ಸ್‌ನ ಹಾಸ್ಯ ಅಂಕಣದಲ್ಲಿ ಬರುತ್ತಿದ್ದ ಯೆಂಟೆ ಟೆಲೆಬೆಂಡೆ ಎಂಬ ಬಾಯಿಬಡುಕಿಯ ದೆಸೆಯಿಂದ ಹೆಸರೇ ಬೈಗುಳದಂತಾಯಿತು. 1964ರ ಬ್ರಾಡ್‌ವೇ ಸಂಗೀತ ನಾಟಕ ಫಿಡ್ಲರ್ ಆನ್ ದ ರೂಫ್‌ನಲ್ಲಿ ಮದುವೆ ದಲ್ಲಾಳಿಗೆ ಯೆಂಟೆ ಎಂದು ಹೆಸರಿಟ್ಟಿದ್ದರಿಂದ ಯೆಂಟಾ ಎಂದರೆ ದಲ್ಲಾಳಿ ಎಂದು ಈಗಲೂ ಬರೆಯುವವರಿದ್ದಾರೆ. ದಲ್ಲಾಳಿಗೆ ಪದ ‘ಶಾದ್ಖೆನ್’. ಹೆಸರು ಬೈಗುಳವಾದದ್ದು ಇದೊಂದೇ ಅಲ್ಲ: ಪೆದ್ದನಿಗೆ ಹೇಳುವ ಶ್ಮೆಂಡ್ರಿಕ್ ಯಿಡ್ಡಿಷ್ ನಾಟಕಕಾರನ 1877ರ ಗೋಲ್ಡ್‌ಫಾಡೆನ್ ಸಂಗೀತ ನಾಟಕದ ಪಾತ್ರ.

ಬಿಡಲೇಬೇಕಾದ ಪದವೂ ಒಂದಿದೆ. ಯಹೂದಿಯಲ್ಲದ ಹೆಣ್ಣಿಗೆ ಹೇಳುವ ‘ಶಿಕ್ಸಾ’ ತಮಾಷೆಯಾಗಿ ಕೇಳಿಸುತ್ತದೆ, ಆದರೆ ಅದರ ಹೀಬ್ರೂ ಬೇರು ‘ಶೆಕೆಟ್ಸ್’, ಅಂದರೆ ಹೇಸಿಗೆ.

ಪದಗಳಿಗಿಂತ ಗಟ್ಟಿಯಾಗಿ ಬೇರೂರಿದ್ದು ಒಂದು ಉಪಾಯ: ‘ಶ್ಮ’. ನಾವು ‘ಪುಸ್ತಕ ಗಿಸ್ತಕ’ ಅನ್ನುತ್ತೇವಲ್ಲ, ಹಾಗೆ. ಮಾಡುವುದು ಸುಲಭ, ಪದದ ಮೊದಲ ಸ್ವರಕ್ಕೆ ಮುಂಚೆ ಬರುವ ವ್ಯಂಜನ ತೆಗೆದು ‘ಶ್ಮ್’ ಕೂರಿಸಬೇಕು: ಫ್ಯಾನ್ಸಿ ಶ್ಮ್ಯಾನ್ಸಿ, ಟೇಬಲ್ ಶ್ಮೇಬಲ್. ಸ್ವರದಿಂದಲೇ ಶುರುವಾದರೆ ಅದರ ಮೊದಲಿಗೆ ಸೇರಿಸಿದರಾಯಿತು. ಮೊದಲೇ ‘ಶ್ಮ್’ ಇರುವ ಶ್ಮಿಟ್‌ನಂಥ ಹೆಸರುಗಳಿಗೆ ಈ ಉಪಾಯ ನಡೆಯುವುದಿಲ್ಲ. ಕನ್ನಡದ ‘ಗಿ’ ಬಹುತೇಕ ‘ಇತ್ಯಾದಿ’ಯ ಕೆಲಸ ಮಾಡಿದರೆ ‘ಶ್ಮ’ ನೇರವಾಗಿ ತಳ್ಳಿಹಾಕುತ್ತದೆ. ನಿಮ್ಮ ಮಗನಿಗೆ ಈಡಿಪಸ್ ಕಾಂಪ್ಲೆಕ್ಸ್, ಅಂದರೆ ತಾಯಿಯ ಮೇಲೆ ಕಾಮದ ಸೆಳೆತ, ಇದೆ ಅಂತ ಮನೋವೈದ್ಯರು ಹೇಳಿದಾಗ ಆ ತಾಯಿ ಅಂದದ್ದು: ‘ಈಡಿಪಸ್ ಶ್ಮೀಡಿಪಸ್, ಅಮ್ಮನ ಮೇಲೆ ಪ್ರೀತಿ ಇದ್ದರೆ ಸಾಕು.’